ಬೆಳ್ಳಿಗೆ ಅಂಗಳವೊಂದೇ ಸಾಲದು

ಪ್ರೀತಿಯ ಗೆಳೆಯ,

ನೀನು ಮಹಡಿಯ ಮೇಲಿನಿಂದ ತೆಗೆದು ಕಳಿಸಿದ ನಿನ್ನ ನಾಯಿ ಬೆಳ್ಳಿಯ ಫೋಟೊವನ್ನು ಮತ್ತೆ ಮತ್ತೆ ನೋಡಿದೆ. ಪಕ್ಕೆಲುಬು ಮುಗಿದಲ್ಲಿ ಒಳಸರಿಯಬೇಕಾದ ಸೊಂಟವೇ ಕಾಣುವುದಿಲ್ಲ. ಭುಜದಿಂದ ಬಾಲದವರೆಗೆ ಒಂದೇ ಅಗಲ. ಇಂದೇ ಅವಳ ಪಕ್ಕೆಯನ್ನು ಸವರಿ ನೋಡು. ಗಟ್ಟಿಯಾಗಿ ಒತ್ತದೆಯೇ ಎಲುಬು ಬೆರಳಿಗೆ ಸಿಗಬೇಕು.

ಅಷ್ಟು ದೊಡ್ಡ ಅಂಗಳದಲ್ಲಿ ದಿನವಿಡೀ ಬಿಟ್ಟಿರುತ್ತೇನೆ, ಇನ್ನೇನು ಬೇಕು ಎಂದು ಕೇಳಿದ್ದೀಯ. ನಮ್ಮ ಹಿಂದಿನ ನಾಯಿ ರಾಜನಿಗೆ ಇಡೀ ಕಾಫಿ ತೋಟವೇ ಇತ್ತು. ಆದರೂ ಅವನು ಮಾಡುತ್ತಿದ್ದುದು ಮೆಟ್ಟಿಲ ಬಳಿ ಮಲಗುವುದು, ಗೇಟಿನ ಸದ್ದಾದರೆ ನಾಲ್ಕು ಹೆಜ್ಜೆ ಓಡಿ ಬೊಗಳುವುದು, ಮತ್ತೆ ಬಂದು ಮಲಗುವುದು. ಪರಿಚಯವಾದ ಜಾಗದಲ್ಲಿ ನಾಯಿ ತಾನಾಗಿ ವ್ಯಾಯಾಮ ಮಾಡುವುದಿಲ್ಲ. ಜೊತೆಗೆ ಯಾರಾದರೂ ಹೊರಟರೆ ಮಾತ್ರ ಅದರ ಕಾಲಿಗೆ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಇಂಬಳದ (ಜಿಗಣೆಯ) ನೆಪದಲ್ಲಿ ನಾನು ಅವನನ್ನು ಜಗಲಿಯಲ್ಲೇ ಕಟ್ಟಿ ಹಾಕುತ್ತಿದ್ದೆ. ಅವನು ಬಾಗಿಲತ್ತ ತಿರುಗಿ ನನ್ನ ಮುಖ ನೋಡಿದಾಗಲೆಲ್ಲ ಒಂದು ತುಂಡು ರೊಟ್ಟಿ. ಏಳನೆಯ ವಯಸ್ಸಿಗೆ ಜೀಪು ಹತ್ತಲಾರದೆ ಹಿಂಗಾಲು ಎಳೆಯುತ್ತಿದ್ದ. ಸೊಂಟದ ಕೀಲಿನ ದೋಷ ಈ ಲ್ಯಾಬ್ರಡಾರ್ ತಳಿಯಲ್ಲಿ ಸಾಮಾನ್ಯ, ಅದರ ಮೇಲೆ ಈ ಭಾರವನ್ನೂ ಹೇರಿದಿರಿ ಎಂದರು ಪಶುವೈದ್ಯರು. ಆ ಮಾತು ಇಂದಿಗೂ ನನ್ನೊಳಗೆ ನೋಯುತ್ತದೆ. ಅದಕ್ಕೇ ನಿನಗೆ ಇಷ್ಟು ಒತ್ತಾಯ.

ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಜೋಡಿ ಜೋಡಿಯಾಗಿ ಸಾಕಿದ ಈ ನಾಯಿಗಳಲ್ಲಿ, ಜೊತೆಯದಕ್ಕಿಂತ ಕಾಲು ಭಾಗ ಕಡಿಮೆ ತಿಂದು ತೆಳ್ಳಗೆ ಉಳಿದವು ಸುಮಾರು 1.8 ವರ್ಷ ಹೆಚ್ಚು ಬದುಕಿದವು; ಕೀಲುನೋವೂ ತಡವಾಗಿ ಬಂತು. ಹಾಗಾಗಿ ತಟ್ಟೆಯನ್ನೂ ನೋಡಿಕೋ. ನಡಿಗೆಯೊಂದರಿಂದಲೇ ತೂಕ ಇಳಿಯುವುದಿಲ್ಲ.

ಮೊದಲ ವಾರ ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಸಾಕು. ನಿಧಾನವಾಗಿ ಏರಿಸುತ್ತಾ ದಿನಕ್ಕೆ ಒಂದು ಗಂಟೆಗೆ ತಲುಪು. ಚೆಂಡು ಎಸೆದು ಎಗರಿಸುವುದು ಸದ್ಯಕ್ಕೆ ಬೇಡ, ಕೀಲಿಗೆ ಪೆಟ್ಟು. ಊಟವಾದ ಕೂಡಲೇ ಓಡಿಸಬೇಡ; ದೊಡ್ಡ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ, ಅದು ಜೀವಕ್ಕೇ ಕುತ್ತು. ಏಪ್ರಿಲ್ ಬಿಸಿಲಿನಲ್ಲಿ ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲೆ ಐದಾರು ಸೆಕೆಂಡು ಇಟ್ಟು ನೋಡು. ನಿನಗೆ ಸುಟ್ಟರೆ ಅವಳ ಪಾದಕ್ಕೂ ಸುಡುತ್ತದೆ. ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ, ಏದುಸಿರಿನಿಂದಲೇ ಮೈ ತಣಿಸಿಕೊಳ್ಳಬೇಕು.

ಇನ್ನೊಂದು ಮಾತು, ನನಗೆ ತಡವಾಗಿ ತಿಳಿದದ್ದು. ಬೆಳ್ಳಿ ಲೈಟ್ ಕಂಬದ ಬುಡದಲ್ಲೋ ಬೇಲಿಯ ಮೂಲೆಯಲ್ಲೋ ಮೂಸುತ್ತಾ ನಿಂತರೆ ಎಳೆಯಬೇಡ. ರಾತ್ರಿ ಯಾವ ನಾಯಿ ಬಂದು ಹೋಯಿತು, ಬೆಕ್ಕು ಎಲ್ಲಿ ನುಸುಳಿತು ಎಂಬುದನ್ನೆಲ್ಲ ಅವಳು ಅಲ್ಲಿ ತಿಳಿದುಕೊಳ್ಳುತ್ತಿರುತ್ತಾಳೆ. ಈಗಿರುವ ನಮ್ಮ ಚುಕ್ಕಿ ಮನಸಾರೆ ಮೂಸಿ ಬಂದ ದಿನ ಚಪ್ಪಲಿ ಕಚ್ಚುವುದಿಲ್ಲ, ಸುಮ್ಮನೆ ಬೊಗಳುವುದಿಲ್ಲ. ಅರ್ಧ ಗಂಟೆಯ ಮೂಸುವಿಕೆ ಅವಳನ್ನು ಓಟದಷ್ಟೇ ದಣಿಸುತ್ತದೆ.

ನಾವು ಚಿಕ್ಕಮಗಳೂರು ಬಳಿಯ ಕೈಮರದ ಕಡೆಯವರು ಚಿರತೆಯ ಭಯಕ್ಕೆ ಪೂರ್ತಿ ಬೆಳಕು ಹರಿದ ಮೇಲೆಯೇ ಹೊರಡುತ್ತೇವೆ. ಹಾಸನ ಪಟ್ಟಣದಲ್ಲಿರುವ ನಿನಗೆ ಆ ಚಿಂತೆಯಿಲ್ಲ; ಬೀದಿನಾಯಿಗಳ ಗುಂಪು ಎದುರಾದರೆ ದಾರಿ ಬದಲಿಸು, ಅಷ್ಟೇ. ಮಳೆ ಹಿಡಿದ ದಿನ ಅವಳ ಒಣ ಆಹಾರದ ಕಾಳನ್ನು ಮನೆಯೊಳಗೆ ಅಲ್ಲಲ್ಲಿ ಬಚ್ಚಿಟ್ಟು ಹುಡುಕಲು ಬಿಡು. ಹುಲ್ಲಿನಲ್ಲಿ ಓಡಾಡಿ ಬಂದ ಮೇಲೆ ಕಿವಿ ಮತ್ತು ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ನೋಡುವುದನ್ನು ಮರೆಯಬೇಡ.

ಭಾನುವಾರ ಬೇಲೂರು ಮಾರ್ಗದ ಮೊದಲ ಬಸ್ಸಿಗೆ ಹೊರಡುತ್ತೇನೆ. ಬೆಳ್ಳಿಯ ಕೊರಳಪಟ್ಟಿ ಬಿಗಿಯಾಗಿದ್ದರೆ ಹೊಸದು ತಂದಿಡು. ಸಂಜೆ ಬಿಸಿಲು ಇಳಿದ ಮೇಲೆ ಮೂವರೂ ಮಹಾರಾಜ ಪಾರ್ಕಿನ ಕಡೆಗೆ ನಡೆದು ಬರೋಣ.

ನಿನ್ನ
ಚಿಕ್ಕಮಗಳೂರಿನ ಗೆಳೆಯ