ಕಾಯಂ ವಿಳಾಸ ಯಾವುದು ಬರೆಯಲಿ? ಧಾರವಾಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಧಾರವಾಡದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ಅನ್ನೋದು ಹೆಸರಿಗಷ್ಟೇ, ದಿನವಿಡೀ ಮಾಡೋದು ಅರ್ಜಿ ತುಂಬುವ ಕೆಲಸ. ನಿಮ್ಮ ಕಚೇರಿಗೆ ಬರುವ ಎಷ್ಟೋ ಕಾಗದ ನನ್ನ ಕೀಬೋರ್ಡ್ ದಾಟಿಕೊಂಡೇ ಬಂದಿರುತ್ತವೆ.

ಹೋದ ವರ್ಷ ಒಬ್ಬ ಹುಡುಗ ಐಟಿಐ ಅರ್ಜಿ ತುಂಬಿಸಲು ಬಂದ. ಹೆಸರು, ಹುಟ್ಟಿದ ದಿನ, ಮಾರ್ಕ್ಸು ಎಲ್ಲ ಪಟಪಟ ಹೇಳಿದ. ಕಾಯಂ ವಿಳಾಸ ಅಂದೆ. ಸುಮ್ಮನಾದ. ಆಮೇಲೆ ಮೆಲ್ಲಗೆ, "ಅಕ್ಕಾರ, ಮೊನ್ನಿತನಕ ಬಾಲಮಂದಿರದ್ದ ಬರೀತಿದ್ನಿರಿ. ಈಗ ಹದಿನೆಂಟ ತುಂಬೇತಿ, ಹೊರಗ ಬಂದೀನಿ. ಈಗ ಯಾವ್ದು ಬರೀಲಿರಿ?" ಅಂದ. ಬಾಲಮಂದಿರ ಅಂದರೆ ನೋಡಿಕೊಳ್ಳುವವರಿಲ್ಲದ ಮಕ್ಕಳನ್ನು ಹದಿನೆಂಟರವರೆಗೆ ಇಟ್ಟುಕೊಳ್ಳುವ ಸರ್ಕಾರಿ ಮನೆ. ಇಷ್ಟು ವರ್ಷ ಆ ಕಾಲಂ ತುಂಬಿದ್ದೇನೆ, ಅದಕ್ಕೆ ಉತ್ತರ ಇಲ್ಲದವರೂ ಇರಬಹುದು ಅಂತ ಒಮ್ಮೆಯೂ ಹೊಳೆದಿರಲಿಲ್ಲ. ಕೊನೆಗೆ ನನ್ನ ಅಂಗಡಿ ವಿಳಾಸವನ್ನೇ ಹಾಕಿದೆ. ತಪ್ಪಾಗಿದ್ದರೆ ನನ್ನನ್ನು ಬೈಯಿರಿ, ಅವನನ್ನಲ್ಲ.

ಅವನ ಹಿಂದೆ ಇನ್ನೊಬ್ಬ ಬಂದ, ಆಮೇಲೆ ಇಬ್ಬರು ಹುಡುಗಿಯರು. ಈಗ ನಾವು ಏಳು ಮಂದಿ ಸೇರಿ ಒಂದು ಸಣ್ಣ ಸಂಸ್ಥೆ ಮಾಡಿಕೊಂಡಿದ್ದೇವೆ. ನಿವೃತ್ತ ಮಾಸ್ತರು, ಸಪ್ತಾಪುರದಲ್ಲಿ ಮೆಸ್ ನಡೆಸುವವರು, ಒಬ್ಬ ಟೇಲರ್, ಒಬ್ಬರು ವಕೀಲರು, ಹೀಗೆ. ರಸೀದಿ ಪುಸ್ತಕ ಇದೆ, ಆಫೀಸ್ ಇಲ್ಲ. ಮೊದಮೊದಲು ಈ ಮಕ್ಕಳಿಗೆ ಕೊರತೆ ಇರೋದು ದುಡ್ಡಿನದು ಅಂದುಕೊಂಡಿದ್ದೆವು. ದುಡ್ಡಿನದೂ ಹೌದು. ಆದರೆ ರೂಮ್ ಕೇಳಲು ಹೋದರೆ ಮನೆ ಮಾಲೀಕರು ಬಾಡಿಗೆಗಿಂತ ಮೊದಲು ಕೇಳೋದು "ಗ್ಯಾರಂಟಿ ಯಾರು?" ಅಂತ. ಸರ್ಕಾರದ ಐದು ಗ್ಯಾರಂಟಿ ಇವೆ ನಿಜ, ಆದರೆ ರೇಷನ್ ಕಾರ್ಡೇ ಇಲ್ಲದವರಿಗೆ ಅನ್ನಭಾಗ್ಯ ಎಲ್ಲಿಂದ ಬರಬೇಕು? ಇವರಿಗೆ ಬೇಕಾಗಿರೋದು ಒಂದು ಸಹಿಯ ಗ್ಯಾರಂಟಿ.

ಇನ್ನೊಂದು ವಿಷಯ ಕೇಳಿ. ಒಬ್ಬ ಹುಡುಗಿಗೆ ನಲವತ್ತು ಜನರ ಅಡುಗೆ ಲೀಲಾಜಾಲ. ರೂಮ್ ಮಾಡಿಕೊಟ್ಟ ಮೊದಲ ದಿನ ನನಗೆ ಫೋನ್ ಮಾಡಿ, "ಅಕ್ಕಾರ, ಒಬ್ಬಾಕಿಗೆ ಎಷ್ಟ ಅಕ್ಕಿ ಹಾಕ್ಬೇಕ್ರಿ?" ಅಂತ ಕೇಳಿದಳು. ನಕ್ಕೆ. ಫೋನ್ ಇಟ್ಟ ಮೇಲೆ ನಗು ಉಳಿಯಲಿಲ್ಲ. ಬಾಲಮಂದಿರದಲ್ಲಿ ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ನಿದ್ದೆ. ಸಂತೆಯಲ್ಲಿ ಚೌಕಾಸಿ ಮಾಡಿದ್ದಿಲ್ಲ, ಐನೂರರ ನೋಟು ಮುರಿಸಿದ್ದಿಲ್ಲ, ಬಸ್ಸಲ್ಲಿ ಒಬ್ಬಳೇ ಹೋಗಿದ್ದಿಲ್ಲ. ಹೀಗೆ ಬೆಳೆದವರಿಗೆ ಹುಟ್ಟಿದ ದಿನ ನೋಡಿ, ನಾಳೆಯಿಂದ ನೀನು ದೊಡ್ಡವಳು ಅಂದರೆ ಹೇಗೆ? ನನ್ನ ಮಗಳಿಗೆ ಹತ್ತೊಂಬತ್ತು, ಈಗಲೂ ಬ್ಯಾಂಕ್ ಚಲನ್ ತುಂಬಲು ನನ್ನನ್ನೇ ಕೇಳುತ್ತಾಳೆ.

ಕಾನೂನು ಇಲ್ಲ ಅಂತಲ್ಲ, ಇದೆ. ನಮ್ಮ ವಕೀಲರು ಓದಿ ಹೇಳಿದ ಮೇಲೆ ನನಗೂ ಆಶ್ಚರ್ಯ ಆಯಿತು. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಇರೋದೇ ಇವರಿಗಾಗಿ. ಕಾಗದದಲ್ಲಿ ಅದಕ್ಕೆ ಅನುಪಾಲನೆ ಅಂತಾರೆ, ಕಚೇರಿಗಳಲ್ಲಿ ಆಫ್ಟರ್ ಕೇರ್. 21 ವರ್ಷದವರೆಗೆ ಬೆಂಬಲ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಮಗು ಹೊರಗೆ ಹೋಗುವ ಎರಡು ತಿಂಗಳ ಮೊದಲೇ ಮುಂದಿನ ಬದುಕಿನ ಯೋಜನೆ ಬರೆದು ಮಕ್ಕಳ ಕಲ್ಯಾಣ ಸಮಿತಿಗೆ ಕೊಡಬೇಕು, ಆರರಿಂದ ಎಂಟು ಮಂದಿ ಒಟ್ಟಿಗೆ ಇರುವಂಥ ಮನೆ ಮಾಡಿಕೊಡಬಹುದು ಅಂತ 2016ರ ಕೇಂದ್ರದ ಮಾದರಿ ನಿಯಮದಲ್ಲೇ ಇದೆ. ಮಕ್ಕಳ ರಕ್ಷಣೆಗಿರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಇಂಥವರಿಗೆ ತಿಂಗಳಿಗೆ 4,000 ರೂಪಾಯಿ ಇದೆ. ನಮ್ಮ ಹತ್ತಿರ ಬಂದ ಒಬ್ಬರಿಗೂ ಇದರಲ್ಲಿ ಒಂದು ಮಾತೂ ಗೊತ್ತಿರಲಿಲ್ಲ. ಒಬ್ಬ ಹುಡುಗನನ್ನು ಕೇಳಿಕೊಂಡು ಬಾ ಅಂತ ಕಳಿಸಿದೆವು. ಒಂದು ಕಚೇರಿಯವರು "ಹದಿನೆಂಟು ಆದಮೇಲೆ ನಮಗೆ ಬರೋದಿಲ್ಲ" ಅಂದರು. ಇನ್ನೊಂದು ಕಚೇರಿಯವರು ಮೊದಲಿನವರ ಕಡೆಗೇ ಕೈ ತೋರಿಸಿದರು. ನಾಲ್ಕು ಸಲ ಓಡಾಡಿದ, ನಾಲ್ಕು ದಿನದ ಪಗಾರ ಹೋಯಿತು. ಐದನೇ ಸಲ ಹೋಗು ಅನ್ನಲು ನಮಗೇ ಬಾಯಿ ಬರಲಿಲ್ಲ.

ಕೋವಿಡ್‌ನಲ್ಲಿ ತಂದೆತಾಯಿ ಕಳಕೊಂಡ ಮಕ್ಕಳಿಗೆ ಪಿಎಂ ಕೇರ್ಸ್‌ನಿಂದ 23 ತುಂಬಿದಾಗ 10 ಲಕ್ಷ ಸಿಗುತ್ತದೆ. ಒಳ್ಳೆಯದೇ, ಯಾರೂ ಬೇಡ ಅನ್ನೋದಿಲ್ಲ. ಆದರೆ ಅದಕ್ಕೂ ಮೊದಲು ಜ್ವರಕ್ಕೋ ಕುಡಿತಕ್ಕೋ ಅಪ್ಪ ಹೋದವನು ಮಾಡಿದ ತಪ್ಪೇನು?

ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಗಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮತ್ತು ಮಕ್ಕಳ ಕಲ್ಯಾಣ ಸಮಿತಿಯ ಕೆಲಸ ನೋಡಿಕೊಳ್ಳುವ ಅಧಿಕಾರ ಜಿಲ್ಲಾಧಿಕಾರಿಗೆ ಬಂದಿದೆ. ಅಂದರೆ ಬೆಂಗಳೂರಿನ ಆದೇಶಕ್ಕೆ ಕಾಯದೆ ನೀವು ಇಲ್ಲೇ ಮಾಡಬಹುದಾದ್ದು ಬಹಳ ಇದೆ.

ಮೊದಲನೆಯದು, ಹದಿನೇಳು ತುಂಬಿದ ಕೂಡಲೇ ಕಾಗದಪತ್ರ ಶುರುವಾಗಲಿ. ಸೂಪರಿಂಟೆಂಡೆಂಟ್ ಸಹಿ ನಡೆಯುವಾಗಲೇ ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರ, ಆಧಾರ್ ಎಲ್ಲ ಸರಿಯಾಗಲಿ. ಆಧಾರ್ ಅಂದಾಗ ನೆನಪಾಯಿತು, ಒಬ್ಬ ಹುಡುಗಿಯ ಆಧಾರ್‌ಗೆ ಹಿಂದೆ ಇದ್ದ ಸಿಬ್ಬಂದಿಯೊಬ್ಬರ ಮೊಬೈಲ್ ನಂಬರ್ ಇತ್ತು. ಅವರಿಗೆ ಯಾವುದೋ ಜಿಲ್ಲೆಗೆ ವರ್ಗ ಆಗಿದೆ. ಇವಳು ನನ್ನ ಅಂಗಡಿಯಲ್ಲಿ ಕೂತು ಕಾಯುತ್ತಾಳೆ, ಒಟಿಪಿ ಅಲ್ಲಿ ಅವರ ಫೋನಿಗೆ ಹೋಗಿ ಬೀಳುತ್ತದೆ.

ಆಮೇಲೆ ಮನೆ. ಹುಬ್ಬಳ್ಳಿ-ಧಾರವಾಡದ ನಡುವೆ ಎಲ್ಲಾದರೂ ಹುಡುಗರಿಗೊಂದು, ಹುಡುಗಿಯರಿಗೊಂದು. ಚಿಗರಿ ಬಸ್ ಓಡಾಡುತ್ತದೆ, ಇಲ್ಲಿ ಓದಿ ಅಲ್ಲಿ ಕೆಲಸಕ್ಕೆ ಹೋಗಲು ತೊಂದರೆ ಇಲ್ಲ. ದಿನದ ಕೆಲಸ ನಮ್ಮಂಥ ಸಂಸ್ಥೆಗಳು ನೋಡಿಕೊಳ್ಳಬಹುದು, ಆದರೆ ಬಾಡಿಗೆ ಕರಾರು ಪತ್ರ ಇಲಾಖೆಯ ಹೆಸರಲ್ಲೇ ಇರಲಿ. ನಾವು ಏಳು ಮಂದಿಯಲ್ಲಿ ಐವರಿಗೆ ಅರವತ್ತು ದಾಟಿದೆ, ನಮ್ಮನ್ನು ನಂಬಿ ಕೂರಬೇಡಿ. ಸಂಸ್ಥೆಗಳ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಬಾಲಮಂದಿರಕ್ಕೆ ಬಂದು ಕೇಕ್ ಕತ್ತರಿಸಿ, ಹೋಳಿಗೆ ಊಟ ಹಾಕಿಸಿ ಫೋಟೋ ತೆಗೆಸಿಕೊಳ್ಳೋರು ಬಹಳ. ಮೀಸೆ ಬಂದ ಹುಡುಗನ ಜೊತೆ ಫೋಟೋ ಯಾರಿಗೂ ಬೇಕಾಗಿಲ್ಲ.

ಹಾಗಂತ ಈ ಮಕ್ಕಳೆಲ್ಲ ಬಂಗಾರ ಅಂತ ನಾನು ಹೇಳೋದಿಲ್ಲ. ಒಬ್ಬನಿಗೆ ಡೆಪಾಸಿಟ್ ಕಟ್ಟಿ, ಗೋಕುಲ ರೋಡ್ ಕಡೆ ಕೆಲಸ ಕೊಡಿಸಿದೆವು. ಮೂರೇ ವಾರಕ್ಕೆ ಎರಡನ್ನೂ ಬಿಟ್ಟು ನಾಪತ್ತೆ. ಮಾಸ್ತರು ಕೆಂಡಾಮಂಡಲ. ಎರಡು ತಿಂಗಳಾದ ಮೇಲೆ ಸಣ್ಣ ಮುಖ ಮಾಡಿಕೊಂಡು ಬಂದ, ಮಾಸ್ತರೇ ಚಹಾ ತರಿಸಿದರು. ಈಗ ಹೊಸಬರು ಬಂದರೆ ಬ್ಯಾಂಕಿಗೆ ಕರಕೊಂಡು ಹೋಗೋದು ಅವನೇ. ಮೂರು ತಿಂಗಳಿಗೊಮ್ಮೆ ಈ ವಿಷಯಕ್ಕೆ ಒಂದು ಸಭೆ ಕರೆದರೆ, ನಮ್ಮನ್ನು ಬಿಟ್ಟರೂ ಪರವಾಗಿಲ್ಲ, ಅಂಥವನೊಬ್ಬನನ್ನು ಕೂರಿಸಿಕೊಳ್ಳಿ. ಎಲ್ಲಿ ಏನು ನಿಂತುಹೋಗುತ್ತದೆ ಅಂತ ಅವನಿಗೆ ಗೊತ್ತು.

ಮುಂದಿನ ವಾರ ನಿಮ್ಮನ್ನು ಕಾಣಲು ಬರುತ್ತೇವೆ. ಹತ್ತು ನಿಮಿಷ ಸಾಕು. ಸ್ವಲ್ಪ ಅವಸರವೂ ಇದೆ. ಅಂಗಡಿ ಬಾಡಿಗೆ ಜಾಸ್ತಿ ಆಗಿ ನಾನು ಬೇರೆ ಓಣಿಗೆ ಹೋಗುತ್ತಿದ್ದೇನೆ, ಐಟಿಐ ಹುಡುಗನ ಟಪಾಲೆಲ್ಲ ಇನ್ನೂ ಈ ಅಂಗಡಿಗೇ ಬರುತ್ತಿದೆ.

ಇಂತಿ,
ಒಬ್ಬ ಝೆರಾಕ್ಸ್ ಅಂಗಡಿಯವಳು, ಧಾರವಾಡ