ಮಗಳಿಗೊಂದು ಪತ್ರ: ಹೊಳೆದಂಡೆಯ ಅಪ್ಪೆಮಿಡಿ

ಚಿರಂಜೀವಿ ಕೂಸಿಗೆ ಅಪ್ಪಯ್ಯನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಅಲ್ಲಿಯ ಅಂಗಡಿಯಲ್ಲಿ ಕೊಂಡ ಎಳೆಮಾವಿನ ಅಪ್ಪೆಮಿಡಿ ಉಪ್ಪಿನಕಾಯಿಗೆ ಮನೆಯದರ ಪರಿಮಳ ಏಕಿಲ್ಲವೆಂದು ನೀನು ಮೊನ್ನೆ ಕೇಳಿದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅದರ ಮೇಲೆ ಎಣ್ಣೆ ತೇಲುತ್ತಿತ್ತೆಂದರೆ ಅದು ನಮ್ಮ ಕಡೆಯ ಕ್ರಮದ್ದಲ್ಲ.

ಅಪ್ಪೆಮಿಡಿಯ ಪರಿಮಳವೆಲ್ಲ ಸೊನೆಯಲ್ಲಿದೆ. ಸಾಗರ, ಹೊಸನಗರ, ಸಿದ್ದಾಪುರ, ಶಿರಸಿಯ ಕಡೆ ಮರ ಹತ್ತಿ ತೊಟ್ಟಿನ ಸಮೇತ ಮಿಡಿ ಕೊಯ್ಯುವುದು ಆ ಸೊನೆ ಸೋರಿಹೋಗಬಾರದೆಂದೇ. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಸೇರಿದರೂ ಭರಣಿಯಲ್ಲಿದ್ದುದೆಲ್ಲ ಕೆಡುವ ಭಯವಿರುತ್ತದೆ. ಕೊಳ್ಳುವವರು ತೊಟ್ಟು ಮುರಿದು ಮೂಸಿ ನೋಡುತ್ತಾರೆ. ಜೀರಿಗೆಯ ವಾಸನೆ ಬಂದರೆ ಅದು ಜೀರಿಗೆ ಮಿಡಿ, ಅದರ ಬೆಲೆಯೇ ಬೇರೆ. ಇದೇ ಕಾಯಿ ಹಣ್ಣಾದರೆ ಬರೀ ಹುಳಿ, ನಾರು, ಮಂಗಗಳಿಗಷ್ಟೇ ಪ್ರಿಯ.

ನಿನ್ನ ಅಜ್ಜಿ ಮಿಡಿಯನ್ನು ತೊಳೆದು, ನೆರಳಿನಲ್ಲಿ ನೀರಾರಿಸಿ, ಕಲ್ಲುಪ್ಪಿನೊಡನೆ ಪದರಪದರವಾಗಿ ಭರಣಿಗೆ ತುಂಬಿ ಮೇಲೊಂದು ಭಾರವಿಡುತ್ತಿದ್ದಳು. ಮಿಡಿ ತನ್ನ ನೀರನ್ನು ಬಿಟ್ಟು ಚೆನ್ನಾಗಿ ಚಿರುಟಿದ ಮೇಲೆ ಆ ಉಪ್ಪುನೀರನ್ನೇ ಸೋಸಿ ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆಯನ್ನೂ ಬ್ಯಾಡಗಿ ಮೆಣಸನ್ನೂ ರುಬ್ಬಿ ಬೆರೆಸಬೇಕು. ಹೊರಗಿನ ನೀರು ಒಂದು ಹನಿಯೂ ತಾಗಬಾರದು. ಎಷ್ಟು ಉಪ್ಪು ಎಂದು ನೀನು ಕೇಳುತ್ತೀಯೆಂದು ಗೊತ್ತು. ಅಜ್ಜಿ ಅಳೆದದ್ದನ್ನು ನಾನು ನೋಡಿಲ್ಲ. ಮಿಡಿಯ ಗಾತ್ರ ನೋಡಿ ಕೈಯಲ್ಲೇ ಹಾಕುತ್ತಿದ್ದಳು. ವರ್ಷಗಟ್ಟಲೆ ಕೆಡದ ಈ ಉಪ್ಪಿನಕಾಯಿ ಮಳೆಗಾಲದ ಗಂಜಿಯೂಟಕ್ಕೆ ಹೇಗೋ ಹಾಗೆ ದೂರದ ಪ್ರಯಾಣದ ಬುತ್ತಿಗೂ ಒದಗುತ್ತಿತ್ತು.

ಆದರೆ ನಿನ್ನ ಪ್ರಶ್ನೆಗೆ ಉತ್ತರ ಉಪ್ಪಿನಕಾಯಿ ಹಾಕುವ ಕ್ರಮಕ್ಕಿಂತ ಹೆಚ್ಚಾಗಿ ಮರದಲ್ಲಿದೆ. ಬೀಜದಿಂದ ಹುಟ್ಟಿದ ಮಾವು ತಾಯಿಮರದ ಗುಣವನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲವಾದ್ದರಿಂದ ಹೊಳೆದಂಡೆಯ ಒಂದೊಂದು ಮರದ ಮಿಡಿಗೂ ಅದರದ್ದೇ ವಾಸನೆ, ಅದರದ್ದೇ ಹುಳಿ. ಊರಿನ ಹೆಸರೋ ಮನೆತನದ ಹೆಸರೋ ಮರಕ್ಕೆ ಅಂಟಿಕೊಂಡಿರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ದಂಡೆಗಳು ಮುಳುಗಿದಾಗ ಅಜ್ಜಿಯ ತವರೂ ಅದರ ಕೆಳಗಿದ್ದ ಮಿಡಿಮರವೂ ನೀರಿನಡಿಗೆ ಹೋದವು. ಯಾರೂ ಅದರ ಕಡ್ಡಿ ತಂದು ಕಸಿ ಕಟ್ಟಿರಲಿಲ್ಲ. ಸಿಗಂದೂರಿಗೆ ಲಾಂಚಿನಲ್ಲಿ ಹೋಗುವಾಗಲೆಲ್ಲ ಅಜ್ಜಿ ಹಿನ್ನೀರಿನತ್ತ ಕೈ ತೋರಿಸಿ ಮನೆಗಿಂತ ಮೊದಲು ಆ ಮರದ ಮಾತು ತೆಗೆಯುತ್ತಿದ್ದಳು; ನನಗೆ ಆಗ ಅದು ವಿಚಿತ್ರವೆನಿಸುತ್ತಿತ್ತು. 2025ರ ಜುಲೈನಿಂದ ಅಲ್ಲಿ ಸೇತುವೆಯಾಗಿದೆ, ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತೇವೆ. ಅನುಕೂಲವೇ, ನನ್ನ ದೂರೇನೂ ಇಲ್ಲ.

ಈಗ ಮಿಡಿಗೆ ಬೆಲೆ ಬಂದಿರುವುದರಿಂದ ಕೆಲವರು ಹತ್ತುವ ಶ್ರಮವೇಕೆಂದು ಕೊಂಬೆಯನ್ನೇ ಕಡಿಯುತ್ತಾರೆ, ಮತ್ತೆ ಕೆಲವರು ಒಳ್ಳೆಯ ಮರಗಳನ್ನು ಹುಡುಕಿ ಕಸಿ ಕಟ್ಟುತ್ತಾರೆ. ನಾನು ಎರಡನೆಯವರಿಂದ ಎರಡು ಗಿಡ ತಂದು ತೋಟದ ಅಂಚಿಗೆ ನೆಟ್ಟಿದ್ದೇನೆ.

ಫಾಲ್ಗುಣದ ಹೊತ್ತಿಗೆ ರಜೆ ಸಿಗುವುದಾದರೆ ಬಾ. ಒಳ್ಳೆಯ ಮಿಡಿ ಆಯುವುದನ್ನು ಮೂಗಿನಿಂದ ಕಲಿಯಬೇಕು, ಕಾಗದದಲ್ಲಿ ಕಳಿಸಲಾಗದು. ಹಿಂತಿರುಗುವಾಗ ಭರಣಿಯನ್ನು ವಿಮಾನದ ಕೈಚೀಲದಲ್ಲಿ ಇಡಬೇಡ, ರಸವಿದೆಯೆಂದು ತೆಗೆಸುತ್ತಾರೆ. ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಡೋಣ.

ಇಂತಿ,
ನಿನ್ನ ಅಪ್ಪಯ್ಯ