ಕುದುರೆಯ ರಕ್ತದಲ್ಲಿ ವೈರಸ್ ಸಿಗಲಿಲ್ಲವೆಂದು ಕಡತ ಮುಚ್ಚಬೇಡಿ

ಮಾನ್ಯ ಸಂಪಾದಕರೇ,

ಜೌಗು ಪ್ರದೇಶದ ಬಳಿ ಕುದುರೆಯೊಂದು ತೂರಾಡತೊಡಗಿದರೆ, ಅದರ ತುಟಿ, ಮೂತಿ ಅದುರತೊಡಗಿದರೆ ಸೊಳ್ಳೆಯಿಂದ ಹರಡಿ ಮಿದುಳಿಗೂ ತಗಲುವ ವೆಸ್ಟ್ ನೈಲ್ ವೈರಸ್ ಇರಬಹುದೆಂದು ರಕ್ತವನ್ನು ಪಿಸಿಆರ್‌ಗೆ, ಅಂದರೆ ವೈರಸ್‌ನ ಜೀನನ್ನೇ ಹುಡುಕುವ ಪರೀಕ್ಷೆಗೆ, ಕಳಿಸುತ್ತಾರೆ. ‘ನೆಗೆಟಿವ್’ ಎಂದು ಬಂದೊಡನೆ ಎಲ್ಲರೂ ನಿರಾಳ. ಇದು ದೊಡ್ಡ ತಪ್ಪು. ಕುದುರೆಯ ರಕ್ತದಲ್ಲಿ ಈ ವೈರಸ್ ಇರುವುದು ಕೆಲವೇ ದಿನ, ಅದೂ ತೀರಾ ಕಡಿಮೆ. ಕಾಲು ತಡವರಿಸುವ ಹೊತ್ತಿಗೆ ಅದು ರಕ್ತದಿಂದ ಹೆಚ್ಚುಕಡಿಮೆ ಮರೆಯಾಗಿರುತ್ತದೆ. ಆಗ ಹುಡುಕಬೇಕಾದದ್ದು ಐಜಿಎಂ ಅನ್ನು, ಅಂದರೆ ಸೋಂಕಿನ ವಿರುದ್ಧ ದೇಹ ಮೊದಲು ತಯಾರಿಸುವ ಪ್ರತಿಕಾಯವನ್ನು.

ಸಾದಾ ಟ್ಯೂಬಿನಲ್ಲಿ 5ರಿಂದ 10 ಮಿ.ಲೀ. ರಕ್ತ ಸಾಕು. ಹೆಪ್ಪುಗಟ್ಟಿದ ಮೇಲೆ ಸೀರಮ್ ಬೇರ್ಪಡಿಸಿ ತಣ್ಣಗಿಟ್ಟು ಕಳಿಸಬೇಕು. ರಕ್ತವನ್ನು ಹಾಗೆಯೇ ಫ್ರೀಜರಿನಲ್ಲಿಟ್ಟರೆ ಕೆಂಪು ಕಣ ಒಡೆದು ಮಾದರಿ ಕೆಡುತ್ತದೆ. 2ರಿಂದ 4 ವಾರ ಬಿಟ್ಟು ಅದೇ ಕುದುರೆಯ ಎರಡನೇ ಮಾದರಿ ತೆಗೆಯಬೇಕು. ಈ ಎರಡನೆಯದನ್ನೇ ಮರೆಯುವುದು ಹೆಚ್ಚು. ಎರಡರ ನಡುವೆ ಪ್ರತಿಕಾಯದ ಮಟ್ಟ ನಾಲ್ಕು ಪಟ್ಟು ಏರಿದ್ದರೆ ಸೋಂಕು ಹೊಸದು. ಲಸಿಕೆ ಹಾಕಿದ ದಿನಾಂಕ ಚೀಟಿಯಲ್ಲಿ ಇಲ್ಲದಿದ್ದರೆ ಈ ಏರಿಕೆಗೂ ಅರ್ಥ ಹೇಳಲಾಗದು. ರೇಬೀಸ್‌ನಲ್ಲೂ ಇಂಥದೇ ಲಕ್ಷಣ ಕಾಣಬಹುದು; ಆ ರೋಗ ಇರುವ ಕಡೆ ಇಂಥ ಕುದುರೆಯ ಬಾಯಿಗೆ ಬರಿಗೈ ಹಾಕಲೇಬಾರದು.

ವೆಸ್ಟ್ ನೈಲ್, ಜಪಾನೀಸ್ ಎನ್ಸೆಫಲೈಟಿಸ್, ಸೇಂಟ್ ಲೂಯಿಸ್ ಎನ್ಸೆಫಲೈಟಿಸ್ ಮೂರೂ ಒಂದೇ ಕುಟುಂಬದ ವೈರಸ್‌ಗಳು. ಒಂದರ ಪ್ರತಿಕಾಯ ಇನ್ನೊಂದರ ಎಲೈಸಾದಲ್ಲೂ (ಪ್ರತಿಕಾಯ ಹುಡುಕುವ ಪರೀಕ್ಷೆ) ಮಿನುಗುತ್ತದೆ. 1999ರಲ್ಲಿ ನ್ಯೂಯಾರ್ಕಿನಲ್ಲಿ ಆದದ್ದು ಇದೇ: ಜನರ ಕಾಯಿಲೆಯನ್ನು ಮೊದಲು ಸೇಂಟ್ ಲೂಯಿಸ್ ಎಂದರು. ಅದೇ ಬೇಸಿಗೆಯಲ್ಲಿ ಕಾಗೆಗಳು ಸಾಲುಸಾಲಾಗಿ ಸಾಯುತ್ತಿದ್ದವು, ಸೇಂಟ್ ಲೂಯಿಸ್ ವೈರಸ್ ಸಾಮಾನ್ಯವಾಗಿ ಹಕ್ಕಿಗಳನ್ನು ಕೊಲ್ಲುವುದಿಲ್ಲ. ಹಕ್ಕಿಯ ಸಾವನ್ನೂ ಮನುಷ್ಯರ ಜ್ವರವನ್ನೂ ಒಟ್ಟಿಗೆ ನೋಡಿದ ಮೇಲಷ್ಟೇ ವೆಸ್ಟ್ ನೈಲ್ ಬಯಲಾಯಿತು. ಆದ್ದರಿಂದ ಸಂಬಂಧಿ ವೈರಸ್‌ಗಳನ್ನು ಅಕ್ಕಪಕ್ಕ ಇಟ್ಟು ತಟಸ್ಥೀಕರಣ ಪರೀಕ್ಷೆ (ಸೀರಮ್ ಯಾವ ವೈರಸ್ಸನ್ನು ಹೆಚ್ಚು ತಡೆಯುತ್ತದೆಂದು ನೋಡುವುದು) ಮಾಡದೆ ಹೆಸರು ಘೋಷಿಸಬಾರದು.

ಕುದುರೆ ಹೇಳುವುದು ತಡವಾದ ಸುದ್ದಿ. ವೈರಸ್ ಅದಕ್ಕೂ ಮುಂಚೆ ಹಕ್ಕಿ ಮತ್ತು ಕ್ಯೂಲೆಕ್ಸ್ ಸೊಳ್ಳೆಗಳ ನಡುವೆ ಸುತ್ತುತ್ತಿರುತ್ತದೆ. ಹಾಗಾಗಿ ಸೊಳ್ಳೆಗಳಿಗೆ ಬಲೆ ಹಾಕುವುದೇ ಮೂಲ ಕೆಲಸ. ಬೆಳಕಿನ ಬಲೆಯನ್ನು ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ಬೀದಿದೀಪದಿಂದ ದೂರ, ಸೂರ್ಯ ಮುಳುಗುವ ಮುನ್ನ ತೂಗಿಬಿಡಬೇಕು; ಪಕ್ಕದಲ್ಲಿ ಸೊಳ್ಳೆ ಸೆಳೆಯಲು ಒಂದು ಕಿಲೋ ಡ್ರೈ ಐಸ್ (ಘನ ಇಂಗಾಲದ ಡೈಆಕ್ಸೈಡ್). ಬ್ಯಾಟರಿ ಹಳತಾಗಿದ್ದರೆ ನಸುಕಿಗೆ ಫ್ಯಾನ್ ನಿಂತು ಸೊಳ್ಳೆಗಳು ಹೊರಬೀಳುತ್ತವೆ. ಹಗ್ಗಕ್ಕೆ ಗ್ರೀಸ್ ಸವರದಿದ್ದರೆ ಇರುವೆಗಳು ಇಡೀ ರಾತ್ರಿಯ ಫಲವನ್ನು ತಿಂದುಹಾಕುತ್ತವೆ. ಹುಲ್ಲು ಕೊಳೆಸಿದ ನೀರಿನ ಬಲೆಯೂ ಜೊತೆಗಿರಲಿ: ಅದಕ್ಕೆ ಬೀಳುವುದು ಮೊಟ್ಟೆಯಿಡಲು ಬಂದ, ಅಂದರೆ ಈಗಾಗಲೇ ಒಮ್ಮೆ ರಕ್ತ ಕುಡಿದ ಹೆಣ್ಣುಗಳು. ಅವುಗಳಲ್ಲಿ ವೈರಸ್ ಸಿಗುವ ಸಂಭವ ಹೆಚ್ಚು.

ಒಂದೇ ಜಾತಿ, ಒಂದೇ ಜಾಗ, ಒಂದೇ ದಿನದ ಸೊಳ್ಳೆಗಳನ್ನು 50ರವರೆಗೆ ಒಂದು ಗುಂಪಾಗಿ ಪರೀಕ್ಷಿಸಬಹುದು. ಹೊಟ್ಟೆಯಲ್ಲಿ ರಕ್ತ ಕೆಂಪಾಗಿ ಕಾಣುವವನ್ನು ಬೇರೆ ಇಡಬೇಕು; ಇಲ್ಲವಾದರೆ ಸಿಕ್ಕ ವೈರಸ್ ಸೊಳ್ಳೆಯ ಸೋಂಕೋ ಅದು ಆಗಷ್ಟೇ ಕುಡಿದ ಹಕ್ಕಿಯ ರಕ್ತದ್ದೋ ತಿಳಿಯುವುದಿಲ್ಲ. ವೈರಸ್ ಬಿಸಿಗೆ ಕೆಡದಂತೆ ಜಾತಿ ಬೇರ್ಪಡಿಸುವಾಗಲೂ ತಣ್ಣನೆಯ ತಟ್ಟೆ ಬೇಕು.

ಹಕ್ಕಿಗಳಲ್ಲಿ ಆ ವರ್ಷವೇ ಹುಟ್ಟಿದವುಗಳ ಪ್ರತಿಕಾಯ ನೋಡಬೇಕು, ಮುದಿ ಹಕ್ಕಿಯ ಪ್ರತಿಕಾಯ ಯಾವ ವರ್ಷದ್ದೆಂದು ಹೇಳಲಾಗದು. ತೀರಾ ಎಳೆಯ ಮರಿಯಲ್ಲಿ ತಾಯಿಯಿಂದ ಮೊಟ್ಟೆಯ ಮೂಲಕ ಬಂದದ್ದಿರಬಹುದು. ತೆಗೆಯುವ ರಕ್ತ ದೇಹತೂಕದ ಶೇ 1 ಮೀರಬಾರದು: 100 ಗ್ರಾಂ ಹಕ್ಕಿಗೆ 1 ಮಿ.ಲೀ.

ವೈರಸ್ ಬಂದದ್ದು ತಿಳಿಯಲೆಂದು, ಅಂದರೆ ಕಾವಲಿಗಾಗಿ, ಕುದುರೆಗೆ ಲಸಿಕೆ ತಪ್ಪಿಸಬೇಕೆಂಬ ವಾದವೂ ಕೇಳಿಬರುತ್ತದೆ. ಒಪ್ಪಲಾಗದು. ರೋಗಲಕ್ಷಣ ಕಂಡ ಕುದುರೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಸಾಯುತ್ತದೆ. ಕಾವಲಿಗೆ ಕೋಳಿಗಳಿವೆ: ಬಯಲಲ್ಲಿಟ್ಟ ಕೋಳಿಗಳ ರಕ್ತವನ್ನು ಎರಡು ವಾರಕ್ಕೊಮ್ಮೆ ನೋಡಿ, ಸೋಂಕು ತಗುಲಿದ್ದನ್ನು ಬದಲಿಸಿದರಾಯಿತು. ಬೆಳೆದ ಕೋಳಿಗೆ ವೆಸ್ಟ್ ನೈಲ್‌ನಿಂದ ಕಾಯಿಲೆ ಬರುವುದಿಲ್ಲ, ಅದು ಸೊಳ್ಳೆಗೆ ಸೋಂಕು ದಾಟಿಸುವುದೂ ಇಲ್ಲ.

ಪಶುವೈದ್ಯ, ಅರಣ್ಯ, ಆರೋಗ್ಯ ಇಲಾಖೆಗಳು ಒಂದೇ ನಮೂನೆಯಲ್ಲಿ ಜಾಗ, ದಿನಾಂಕ, ಜಾತಿ, ಲಸಿಕೆ ಬರೆದುಕೊಳ್ಳಲಿ. ಅನುಮಾನ ಬಂದ ದಿನವೇ ಪರಸ್ಪರ ಫೋನ್ ಮಾಡಲಿ. ಎರಡನೇ ಸೀರಮ್‌ನ ವರದಿ ಬರುವಷ್ಟರಲ್ಲಿ ಬೆಚ್ಚಗಿನ ನೀರಿನಲ್ಲಿ ಮತ್ತೊಂದು ತಲೆಮಾರಿನ ಸೊಳ್ಳೆ ರೆಕ್ಕೆ ಬಿಚ್ಚಿರುತ್ತದೆ.

– ಒಬ್ಬ ಪಶುವೈದ್ಯ ಓದುಗ